ಫಿಶ್‌ಪಾಂಡ್‌ಗೆ ಸಿಟ್ಟಾಗಬಾರದು

ಸೆರಗಿಗೆ ಪಿನ್ನು ಹಾಕಿಕೊಳ್ಳುವಾಗ ಅದು ಬೆರಳಿಗೆ ಚುಚ್ಚಿ ಹನಿ ರಕ್ತ ಬಂತು. ರೇಣುಕಾದೇವಿ ಬೆರಳನ್ನು ಬಾಯಲ್ಲಿಟ್ಟುಕೊಂಡು ಕನ್ನಡಿ ನೋಡಿದರೆ ಅದರೊಳಗಿನ ಮುಖ ನಗುತ್ತಿತ್ತು. ಯಾರೂ ಇಲ್ಲದ ಕೋಣೆಯಲ್ಲಿ, ನೋವಾದಾಗಲೂ ನಗುವ ಈ ಹಾಳು ಚಾಳಿ! ಆ ಮುಖಕ್ಕೆ ಒಂದು ಏಟು ಹಾಕಬೇಕೆನ್ನಿಸಿತು. ಬೆಳಿಗ್ಗೆ ಎದ್ದಾಗಿನಿಂದ ಅವಳಿಗೆ ಮೈತುಂಬ ಸಿಟ್ಟು. ಹಾಲು ಉಕ್ಕಿತೆಂದು ಸಿಟ್ಟು, ನಳಕ್ಕೆ ನೀರು ಬರಲಿಲ್ಲವೆಂದು ಸಿಟ್ಟು, ಮೊಬೈಲಿನಿಂದ ತಲೆ ಎತ್ತದೆ "ಇವತ್ತ ಗ್ಯಾದರಿಂಗ ಅಲ್ಲನು, ನಿಂದ ಹವಾ ಬಿಡು" ಎಂದ ಗಂಡನ ಮೇಲೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು. "ಹೌದ್ರಿ, ನಂದ ಹವಾ" ಎಂದು ಅವನಿಗೂ ನಕ್ಕೇ ಹೇಳಿದ್ದಳು. ನಕ್ಕ ಮೇಲೆ ಅಡುಗೆಮನೆಗೆ ಹೋಗಿ ಇಕ್ಕಳವನ್ನು ಒಲೆಯ ಕಟ್ಟೆಯ ಮೇಲೆ ಸದ್ದಾಗುವ ಹಾಗೆ ಕುಕ್ಕಿದ್ದಳು. ಸದ್ದು ಯಾರಿಗೂ ಕೇಳಿಸಲಿಲ್ಲ.

ಹವಾ ಇದ್ದದ್ದು ನಿಜ. ಗಂಗಾವತಿಯ ಆ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ಅವಳು ಅತಿಥಿ ಉಪನ್ಯಾಸಕಿ. ಅತಿಥಿಯೆಂದು ಹೆಸರು, ಕಾರ್ಯಕ್ರಮಕ್ಕೆ ಕುರ್ಚಿ ಹಾಕಿಸುವವಳೂ ಅವಳೇ, ಸ್ಟಾಫಿನ ಫೋಟೋದಲ್ಲಿ ನಿಲ್ಲಲು ಜಾಗ ಸಿಗದವಳೂ ಅವಳೇ. ಪ್ರತಿ ವರ್ಷ ಜೂನ್ ಬಂತೆಂದರೆ, ಈ ಸಲ ಕರೆಯುತ್ತಾರೋ ಇಲ್ಲವೋ ಎಂದು ಫೋನನ್ನು ಕೈಯಲ್ಲಿಟ್ಟುಕೊಂಡು ಮಲಗಬೇಕು. ಆದರೆ ಗ್ಯಾದರಿಂಗಿನ ದಿನ, ಅಂದರೆ ಕಾಲೇಜಿನ ವಾರ್ಷಿಕೋತ್ಸವದ ದಿನ ಮಾತ್ರ ಪ್ರಿನ್ಸಿಪಾಲರಿಂದ ಹಿಡಿದು ಜವಾನನವರೆಗೆ ಎಲ್ಲರಿಗೂ ರೇಣುಕಾ ಮೇಡಮ್ಮೇ ಬೇಕು. ಯಾಕೆಂದರೆ ಫಿಶ್‌ಪಾಂಡ್ ಓದುವುದು ಅವಳು. ಹುಡುಗರು ಹುಡುಗಿಯರು ಒಬ್ಬರ ಮೇಲೊಬ್ಬರು ಚೇಷ್ಟೆಯ ಸಾಲು ಬರೆದು, ಬರೆದವರ ಹೆಸರು ಹಾಕದೆ ಡಬ್ಬಿಗೆ ಹಾಕುತ್ತಾರೆ. ಗ್ಯಾದರಿಂಗಿನ ದಿನ ಅದನ್ನು ಮೈಕಿನಲ್ಲಿ ಓದಬೇಕು. ಯಾರ ಮೇಲೆ ಬಂದಿದೆಯೋ ಅವರು ಎದ್ದು ವೇದಿಕೆಗೆ ಬಂದು, ಬಾಚಣಿಕೆಯೋ ಬದನೆಕಾಯಿಯೋ ಹಾಲುಣಿಸುವ ಬಾಟಲಿಯೋ, ಚೇಷ್ಟೆಗೆ ತಕ್ಕ ಕಾಣಿಕೆ ಇಸಿದುಕೊಂಡು, ನಕ್ಕು ಇಳಿಯಬೇಕು. ಅದಕ್ಕಿರುವ ನಿಯಮ ಒಂದೇ: ಸಿಟ್ಟಾಗಬಾರದು. ಸ್ಪೋರ್ಟಿವ್ ಆಗಿ ತಗೋಬೇಕು. ರೇಣುಕಾದೇವಿ ಓದುವ ರೀತಿಯೇ ಬೇರೆ. ಚೀಟಿಯ ಕೆಳಗಿನ ಅಂಚನ್ನು ಮಡಿಸಿ ಹೆಸರನ್ನು ಮುಚ್ಚಿಕೊಳ್ಳುತ್ತಿದ್ದಳು. ಮೊದಲು ಚೇಷ್ಟೆ, ಆಮೇಲೆ ಒಂದು ನಿಲುಗಡೆ, ಸಭೆ ಯಾರು ಯಾರು ಎಂದು ಕುತ್ತಿಗೆ ಚಾಚಿದ ಮೇಲೆ ಮಡಿಕೆ ಬಿಡಿಸಿ ಹೆಸರು. ಹೆಸರು ಬಿದ್ದ ಕೂಡಲೇ ತಗಡಿನ ಮಾಡು ಹಾರಿಹೋಗುವ ಹಾಗೆ ನಗೆ ಏಳುತ್ತಿತ್ತು.

ಆಟೋದಲ್ಲಿ ಕೂತಾಗ ಬೆರಳು ಇನ್ನೂ ಚುಳ್ಳೆನ್ನುತ್ತಿತ್ತು. ಕುಷ್ಟಗಿಯಲ್ಲಿ ಓದುವಾಗ ಅವಳಿಗೆ ಗ್ಯಾದರಿಂಗಿಗೆ ಉಡಲು ಸೀರೆಯಿತ್ತು, ಅದಕ್ಕೊಪ್ಪುವ ಜಂಪರ್ ಇರಲಿಲ್ಲ. ಅವ್ವನ ಜಂಪರನ್ನೇ ಹಿಂದೆ ಮುಂದೆ ಹಿಡಿದು, ತೋಳಿಗೊಂದು ಬೆನ್ನಿಗೊಂದು ಪಿನ್ನು ಹಾಕಿ, ಉಸಿರು ಬಿಗಿಹಿಡಿದು ಹೋಗಿದ್ದಳು. ಯಾರಿಗೂ ಕಾಣುವುದಿಲ್ಲವೆಂದುಕೊಂಡಿದ್ದಳು. ಫಿಶ್‌ಪಾಂಡ್‌ನಲ್ಲಿ "ನಡೆದಾಡುವ ಪಿನ್ನಿನ ಅಂಗಡಿ" ಎಂದು ಓದಿ ಅವಳ ಹೆಸರು ಕೂಗಿದರು. ಅಂಗಡಿಯಲ್ಲಿ ನೇತುಹಾಕಿರುತ್ತಾರಲ್ಲ, ಆ ಪಿನ್ನಿನ ಹಾಳೆಯೊಂದನ್ನು ಕೈಗಿಟ್ಟರು. ಎಲ್ಲರಿಗಿಂತ ಜೋರಾಗಿ ಅವಳೇ ನಕ್ಕಳು. "ನೋಡ್ರಿ, ಹುಡುಗಿ ಅಂದ್ರ ಹಿಂಗಿರಬೇಕು, ಎಷ್ಟ ಸ್ಪೋರ್ಟಿವ್ ಅದಾಳ" ಎಂದು ಅಲ್ಲಿಯ ಪ್ರಿನ್ಸಿಪಾಲರು ಮೈಕಿನಲ್ಲೇ ಹೇಳಿದರು. ಮನೆಗೆ ಬಂದು ಪಿನ್ನಿನ ಹಾಳೆಯನ್ನು ಬಿಸಾಕಲು ಹೊರಟರೆ ಅವ್ವ ಕೈ ಹಿಡಿದು, "ಛಲೋ ಆತು ತಗೋ, ಮನ್ಯಾಗ ಒಂದ ಪಿನ್ನೂ ಇರಲಿಲ್ಲ" ಎಂದು ಅದನ್ನು ಗೂಡಿನಲ್ಲಿಟ್ಟಳು. ಆ ಪಿನ್ನುಗಳು ಮುಗಿಯುವವರೆಗೆ ಅವನ್ನೇ ಹಾಕಿಕೊಂಡು ಕಾಲೇಜಿಗೆ ಹೋಗಬೇಕಾಯಿತು. ಆಟೋದವನು "ಮೇಡಂ, ಕಾಲೇಜ ಬಂತು" ಎಂದಾಗ ಅವಳು ತೋಳನ್ನು ಮುಟ್ಟಿ ನೋಡಿಕೊಂಡಳು.

ಕಾಲೇಜಿನ ಮಹಿಳಾ ಘಟಕವೂ ಅವಳ ತಲೆಗೇ ಕಟ್ಟಿದ್ದು. ವರ್ಷದ ಮೊದಲಲ್ಲಿ ಹೊಸ ಹುಡುಗಿಯರನ್ನು ಕೂಡಿಸಿ ಕಿವಿಮಾತು ಹೇಳಬೇಕು. ಅದರಲ್ಲೂ ಅವಳಿಗೆ ಹೆಸರಿತ್ತು. "ಕಡ್ಲಿಹಿಟ್ಟಿಗೆ ಮೊಸರ ಹಾಕಿ ಮುಖಕ್ಕ ಹಚ್ರಿ, ಆ ಡಬ್ಬಿ ಕ್ರೀಮ್ ಹಚ್ಚಬ್ಯಾಡ್ರಿ. ಹಸಿ ಕೂದಲ ಬಿಟಗೊಂಡ ಬಸ್ ಹತ್ತಬ್ಯಾಡ್ರಿ. ಡಿಪಿಗೆ ನಿಮ್ಮ ಮುಖ ಬ್ಯಾಡ, ಒಂದ ಹೂವ ಇಡ್ರಿ. ಸಿನಿಮಾಕ್ಕ ಹೋಗ್ರಿ, ನಾ ಬ್ಯಾಡ ಅನ್ನಂಗಿಲ್ಲ, ಆದ್ರ ಮ್ಯಾಟಿನಿ, ಅದೂ ಗುಂಪಿನ್ಯಾಗ. ರೀಲ್ಸ್ ನೋಡ್ರಿ, ಮಾಡಬ್ಯಾಡ್ರಿ." ಹುಡುಗಿಯರು ಬಿದ್ದು ಬಿದ್ದು ನಗುತ್ತಿದ್ದರು. ನಗಿಸಿದ ಮೇಲೆ ಕಟ್ಟಕಡೆಗೆ ದನಿ ತಗ್ಗಿಸಿ ಹೇಳುತ್ತಿದ್ದಳು: "ಯಾರರೆ ಏನರೆ ಅಂದ್ರ ನಕ್ಕ ಬಿಡ್ರಿ. ನಗೂ ಹುಡುಗೀನ್ನ ಯಾರೂ ಭಾಳ ದಿನ ಕಾಡಂಗಿಲ್ಲ." ಅದನ್ನು ಅವಳು ನಂಬಿದ್ದಳೇ? ಈಗ ಆವರಣದಲ್ಲಿ ಬಣ್ಣದ ಕಾಗದದ ಸರ ಕಟ್ಟುತ್ತಿದ್ದ ಹುಡುಗಿಯರು "ಗುಡ್ ಮಾರ್ನಿಂಗ್ ಮೇಡಂ, ಸೀರಿ ಭಾಳ ಛಲೋ ಐತ್ರಿ" ಎಂದು ಕೂಗಿದಾಗ, ಅವರಿಗೆಲ್ಲ ಈ ಮಾತು ಹೇಳಿಕೊಟ್ಟವಳು ತಾನೇ ಎಂದು ನೆನಪಾಯಿತು. ಅವರಿಗೂ ಕೈ ಬೀಸಿ ನಕ್ಕಳು.

ಹೋದ ವಾರ ಮುಬಾಶಿರಾ ಬಂದಿದ್ದಳು. ಕಾರಟಗಿಯ ಹುಡುಗಿ. ಅಪ್ಪ ನೂರಸಾಬ ರೈಸ್ ಮಿಲ್ಲಿನಲ್ಲಿ ಕೆಲಸಕ್ಕಿದ್ದಾನೆ. ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವಳು ಇವಳೇ ಮೊದಲು. ಮಹಿಳಾ ಘಟಕದ ಪ್ರಬಂಧ ಸ್ಪರ್ಧೆಯಲ್ಲಿ ಅವಳಿಗೆ ಮೊದಲ ಬಹುಮಾನ ಬಂದಿತ್ತು. ವಿಷಯ, ವಿದ್ಯಾರ್ಥಿನಿಯರ ಜೀವನಶೈಲಿ ಮತ್ತು ಮನರಂಜನೆ. ಉಳಿದವರೆಲ್ಲ ಯೋಗ, ಹಿತಮಿತ ಆಹಾರ, ಮೊಬೈಲಿನ ದುಷ್ಪರಿಣಾಮ ಎಂದು ಬರೆದರೆ ಇವಳು, "ನಮ್ಮ ಮನರಂಜನೆ ಯಾವುದು ಎಂದು ಕೇಳಿದ್ದೀರಿ. ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕರೆ ಅದೇ. ಆ ಹೊತ್ತು ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ನಾನು ಕಾಲುವೆ ನೋಡುತ್ತೇನೆ" ಎಂದು ಬರೆದಿದ್ದಳು. ಓದಿದಾಗ ರೇಣುಕಾದೇವಿಗೆ ಕಣ್ಣು ತುಂಬಿ ಬಂದಿತ್ತು. ಆ ಹುಡುಗಿ ಅವತ್ತು ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತು ದುಪಟ್ಟಾದ ತುದಿ ಸುತ್ತುತ್ತಿದ್ದಳು. ವಿಷಯ ಇಷ್ಟೇ: ಕಾರಟಗಿ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಹುಡುಗರು ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುತ್ತಾರೆ. ಇವಳಿಗೆ ಜ್ವರ ಬಂದಿದ್ದ ಒಂದು ದಿನ, ಅದೇ ಬಸ್ಸಿನಲ್ಲಿ ಬರುವ ಗವಿಸಿದ್ದೇಶ ಎನ್ನುವವನು ತನ್ನ ಕರ್ಚೀಫನ್ನು ಎತ್ತಿಕೊಂಡು "ಕುಂದರು" ಎಂದಿದ್ದ. ಇವಳು ಕೂತಿದ್ದಳು. ಅಷ್ಟಕ್ಕೇ ಕ್ಲಾಸಿನ ಹುಡುಗರು ಇಬ್ಬರನ್ನೂ ಕೂಡಿಸಿ ಹೆಸರಿಟ್ಟಿದ್ದರು. ಅವಳು ಮರುದಿನದಿಂದ ಸೀಟು ಖಾಲಿಯಿದ್ದರೂ ನಿಂತೇ ಬರುತ್ತಿದ್ದಳು.

"ಫಿಶ್‌ಪಾಂಡಿಗೆ ಅದನ್ನ ಬರದ ಹಾಕ್ಯಾರಂತ್ರಿ ಮೇಡಂ. ಓದಬ್ಯಾಡ್ರಿ. ಇನಾಮು ನೋಡಾಕಂತ ನಮ್ಮ ಅಮ್ಮಿ ಬರಾಕತ್ಯಾಳ್ರಿ."

"ಅಮ್ಮಿಗೆ ಏನ್ ತಿಳಿತೈತಿ, ಎಲ್ಲಾರೂ ನಗ್ತಾರ, ಆಕಿನೂ ನಗ್ತಾಳ."

"ಮನ್ಯಾಗ ವಾಹೀದ ಚಾಚಾ ಅದಾನ್ರಿ. ಹುಡುಗಿ ಓದಿದ್ದು ಸಾಕು ಅಂತ ದಿನಾ ಜಗಳ. ಅಮ್ಮಿ ಒಬ್ಬಾಕಿನ ನನ್ನ ಕಡೆ ನಿಂತಾಳ. ಇದ ಆಕಿ ಕಿವಿಗೆ ಬಿದ್ರ, ನಾಳಿಂದ ನಾ ಬರಂಗಿಲ್ರಿ."

ರೇಣುಕಾದೇವಿ ಅವಳ ಕೆನ್ನೆ ತಟ್ಟಿದ್ದಳು. "ನಾ ನೋಡ್ಕೊಂತೀನಿ. ಅಕಸ್ಮಾತ್ ಬಂದರೂ ಏನು? ನಕ್ಕ ಬಿಡು. ನೀ ಅತ್ತರ ಅವರಿಗೆ ಮಜಾ, ನಕ್ಕರ ಅಲ್ಲಿಗೇ ಮುಗೀತು." ಹುಡುಗಿ "ಹೂಂ ರಿ ಮೇಡಂ" ಎಂದು ಹೋಗಿದ್ದಳು. ಆ ಹೂಂ ರೇಣುಕಾದೇವಿಗೆ ವಾರವಿಡೀ ಚಪ್ಪಲಿಯೊಳಗೆ ಸೇರಿಕೊಂಡ ಹರಳಿನ ಹಾಗೆ ಚುಚ್ಚುತ್ತಿತ್ತು. ಡಬ್ಬಿ ತೆರೆದು ಚೀಟಿ ಆರಿಸುವ ದಿನ, ಕರ್ಚೀಫು ಎಂದು ಕಂಡ ಚೀಟಿಗಳನ್ನೆಲ್ಲ ಹರಿದು ಹಾಕಿದಳು. ಸಾಂಸ್ಕೃತಿಕ ವಿಭಾಗದ ಮುಖ್ಯಸ್ಥ ಗೋವಿಂದರಾಜ ಸರ್ ಎದುರಿಗೇ ಕೂತು ಚಹಾ ಕುಡಿಯುತ್ತಿದ್ದವರು, "ಎಲ್ಲಾ ಸಪ್ಪಗ ಮಾಡಬ್ಯಾಡ್ರಿ ಮೇಡಂ, ಒಂದೆರಡರೆ ಖಾರ ಇರ್ಲಿ" ಎಂದರು. ಅವರು ಖಾಯಂ ನೌಕರಿಯವರು. ಮುಂದಿನ ವರ್ಷ ಇವಳನ್ನು ಕರೆಯಬೇಕೋ ಬೇಡವೋ ಎಂದು ಪ್ರಿನ್ಸಿಪಾಲರು ಕೇಳುವುದು ಅವರನ್ನೇ. ಅದಕ್ಕೂ ಇವಳು ನಕ್ಕಿದ್ದಳು.

ಸಭಾಂಗಣದಲ್ಲಿ ಫ್ಯಾನುಗಳು ತಿರುಗುತ್ತಿದ್ದರೂ ಸೆಕೆ. ವೇದಿಕೆಯ ಪಕ್ಕದ ಟೇಬಲ್ಲಿನ ಮೇಲೆ ಕಾಣಿಕೆಗಳ ತಾಟಿತ್ತು: ಬಲೂನು, ಬಾಚಣಿಕೆ, ಬದನೆಕಾಯಿ, ಕಿನ್ನಾಳದ ಕಟ್ಟಿಗೆಯ ಗಿಣಿ, ಅವುಗಳ ನಡುವೆ ಮಡಚಿಟ್ಟ ಒಂದು ನೀಲಿ ಕರ್ಚೀಫು. ಅದು ಅವಳ ಕಣ್ಣಿಗೆ ಬಿತ್ತು. ಯಾರಿಗೋ ಸದಾ ನೆಗಡಿ ಇರಬೇಕು, ಅವರಿಗಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಕೇಳಲಿಲ್ಲ. ಮುಂದಿನ ಸಾಲಿನಲ್ಲಿ ಪಾಲಕರಿಗೆಂದು ಹಾಕಿದ್ದ ಕುರ್ಚಿಗಳಲ್ಲಿ ಮುಬಾಶಿರಾಳ ಅಮ್ಮಿ ಹಜರತಬೀ ಕೂತಿದ್ದಳು. ಬುರ್ಖಾದ ಮುಸುಕನ್ನು ಹಿಂದಕ್ಕೆ ಸರಿಸಿಕೊಂಡು, ಕುರ್ಚಿಯ ತುದಿಗೆ, ಯಾರಾದರೂ ಏಳು ಎಂದರೆ ಏಳಲು ತಯಾರಾದವಳ ಹಾಗೆ. ಬಂದ ಕೂಡಲೇ ರೇಣುಕಾದೇವಿಯನ್ನು ಹುಡುಕಿಕೊಂಡು ಬಂದು ಎರಡೂ ಕೈ ಹಿಡಿದಿದ್ದಳು. "ನೀವ ಅಂತಲ್ರಿ ರೇಣುಕಾ ಮೇಡಂ? ಮನ್ಯಾಗ ಬರೇ ನಿಮ್ದ ಮಾತ್ರಿ. ನಮ್ಮ ಹುಡುಗಿಗೆ ಇನಾಮು ಯಾವಾಗ ಕೂಗ್ತಾರ್ರಿ? ಹೆಸರ ಕೂಗಿದ್ದು ಕೇಳಿಸ್ಕೊಂಡ ಹೋಗಿ ಮನಿಯವರಿಗೆ ಹೇಳಬೇಕ್ರಿ, ಮೈದುನ ವಾಹೀದನ ಮುಂದೂ ಹೇಳಬೇಕು." ಇನಾಮು ಕಟ್ಟಕಡೆಗೆ, ಅಧ್ಯಕ್ಷರ ಭಾಷಣ ಆದಮೇಲೆ ಎಂದು ಹೇಳಬೇಕಿತ್ತು. ಅಷ್ಟರಲ್ಲಿ ಮೈಕಿನವನು ಕರೆದ. "ಕೂಗ್ತಾರ ಕುಂದರ್ರಿ" ಎಂದು ರೇಣುಕಾದೇವಿ ಓಡಿದಳು.

ಮುಖ್ಯ ಅತಿಥಿಗಳು ಮಾತಾಡಿದರು. ಅವರು ಯಾವುದೋ ಸಂಸ್ಥೆಯ ಪದಾಧಿಕಾರಿ, ಹೆಗಲಿಗೆ ಶಾಲು, ಬಾಯಿಗೆ ತಡೆಯಿಲ್ಲ. ಹೆಣ್ಣುಮಕ್ಕಳು ಎಷ್ಟು ಹೊತ್ತಿಗೆ ಮಲಗಬೇಕು, ಎಂಥ ಬಟ್ಟೆ ಮನಸ್ಸಿಗೆ ಶಾಂತಿ ಕೊಡುತ್ತದೆ, ಮೊಬೈಲಿನಲ್ಲಿ ಅಡುಗೆಯ ವಿಡಿಯೋ ನೋಡಿದರೆ ಜ್ಞಾನವೂ ಬಂತು ಮನರಂಜನೆಯೂ ಆಯಿತು ಎಂದೆಲ್ಲ ಹೇಳಿದರು. ಒಂದು ಮಾತೂ ಗಂಡುಹುಡುಗರ ಕಡೆ ತಿರುಗಲಿಲ್ಲ. ಹಿಂದಿನ ಸಾಲಿನ ಹುಡುಗರು ಪ್ರತಿ ಮಾತಿಗೂ ಚಪ್ಪಾಳೆ ತಟ್ಟಿದರು. ಹಾಳಾಗಿ ಹೋಗಲಿ ಎಂದು ರೇಣುಕಾದೇವಿ ಹಲ್ಲು ಕಚ್ಚಿದಳು. ನಿನಗೇನು ಗೊತ್ತೋ ಮುದುಕ, ಕರ್ಚೀಫು ಎತ್ತಿಕೊಟ್ಟ ಸೀಟಿನಲ್ಲಿ ಕೂತರೆ ಏನಾಗುತ್ತದೆಂದು? ಆದರೆ ಆ ಬೈಗುಳ ಅರ್ಧಕ್ಕೇ ನಿಂತಿತು. ಆತ ಹೇಳುತ್ತಿದ್ದುದೆಲ್ಲ ಅವಳದೇ ಮಾತು. ಅವಳು ನಗಿಸಿ ಹೇಳುತ್ತಿದ್ದಳು, ಆತ ಆಕಳಿಸುವ ಹಾಗೆ ಹೇಳುತ್ತಿದ್ದ, ವ್ಯತ್ಯಾಸ ಅಷ್ಟೇ. ಮಾತು ಮುಗಿಸಿ ಬಂದ ಆತನಿಗೆ ಅವಳೇ ನೀರಿನ ಬಾಟಲಿಯ ಮುಚ್ಚಳ ತೆಗೆದುಕೊಟ್ಟಳು.

ಫಿಶ್‌ಪಾಂಡ್ ಎಂದ ಕೂಡಲೇ ಮಲಗಿದ್ದ ಸಭೆ ಎದ್ದು ಕೂತಿತು. ಮೈಕು ಕೈಗೆ ಬಂದರೆ ರೇಣುಕಾದೇವಿಗೆ ತಾನು ಯಾರೆಂಬುದೇ ಮರೆತುಹೋಗುತ್ತದೆ. ಮೊದಲ ಚೀಟಿಗೆ ಶಿಳ್ಳೆ, ಎರಡನೆಯದಕ್ಕೆ ಬೆಂಚು ಬಡಿತ. ಕ್ಲಾಸಿನಲ್ಲಿ ಬಾಯಿ ಮುಚ್ಚದವನೊಬ್ಬನಿಗೆ ಗಿಣಿ ಕೊಟ್ಟಳು, ಸಣ್ಣದಕ್ಕೂ ಮುಖ ಊದಿಸಿಕೊಳ್ಳುವವಳಿಗೆ ಬಲೂನು. ಪ್ರಿನ್ಸಿಪಾಲರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಇಡೀ ವರ್ಷ ಕುರ್ಚಿ ಕೊಡದವರೆಲ್ಲ ಈಗ ಅವಳ ಬಾಯನ್ನೇ ನೋಡುತ್ತಿದ್ದರು. ಆಗ ಗೋವಿಂದರಾಜ ಸರ್ ಎದ್ದು ಬಂದು ಜೇಬಿನಿಂದ ಒಂದು ಚೀಟಿ ತೆಗೆದು ಕೈಗಿಟ್ಟು, "ಇದನ್ನ ಓದ್ರಿ, ಹುಡುಗರು ಕಾದ ಕುಂತಾರ" ಎಂದರು. ನಗೆ ಇನ್ನೂ ಇಳಿದಿರಲಿಲ್ಲ. ಅವಳು ಅದೇ ಓಘದಲ್ಲಿ ಅಂಚು ಮಡಿಸಿಕೊಂಡು ಓದತೊಡಗಿದಳು. "ಎಲ್ಲರೂ ಬಸ್ಸಿಗೆ ಟಿಕೀಟು ತೆಗೆಸುತ್ತಾರೆ. ಇವರದು ಬರೇ..." ಕರ್ಚೀಫು ಎಂಬ ಮುಂದಿನ ಶಬ್ದ ಕಣ್ಣಿಗೆ ಬಿತ್ತು. ನಾಲಿಗೆಯ ಮೇಲಿದ್ದುದನ್ನು ಅಲ್ಲೇ ನುಂಗಬಹುದಿತ್ತು. ಕೆಮ್ಮಬಹುದಿತ್ತು. ಚೀಟಿ ಕೈಜಾರಿ ಬಿತ್ತೆನ್ನಬಹುದಿತ್ತು. ಬೇರೆ ಯಾರದೋ ಹೆಸರು, ಬೇಕಾದರೆ ತನ್ನದೇ ಹೆಸರು ಹೇಳಬಹುದಿತ್ತು. ಸಭೆ ಉಸಿರು ಹಿಡಿದು ಕಾಯುತ್ತಿತ್ತು, ಆ ಕಾಯುವಿಕೆಯ ರುಚಿ ಅವಳ ಬಾಯಲ್ಲಿತ್ತು. "ಬರೇ ಕರ್ಚೀಫು! ಕಾರಟಗಿ ಬಸ್ಸಿನ ಕರ್ಚೀಫ್ ಬೇಗಂ..." ಎಂದು ಓದಿದಳು. ಓದಿ, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿದಳು. ಮಡಿಕೆ ಬಿಡಿಸಿದಳು. "ಮುಬಾಶಿರಾ!"

ನಗೆಯಿಂದ ಕಿವಿ ಗುಂಯ್‌ಗುಟ್ಟಿತು. ಹಿಂದಿನ ಸಾಲಿನಿಂದ ಗವಿಸಿದ್ದೇಶನ ಹೆಸರನ್ನೂ ಕೂಗಿದರು. ಅವನು ತಲೆ ತಗ್ಗಿಸಿಕೊಂಡು ಬಾಗಿಲಿನಿಂದ ಹೊರಗೆ ಹೋದ. ಅದೆಲ್ಲದರ ನಡುವೆ ರೇಣುಕಾದೇವಿಗೆ ಕಂಡದ್ದು ಒಂದೇ. ಮುಂದಿನ ಸಾಲಿನಲ್ಲಿ ಹಜರತಬೀ ಎದ್ದು ನಿಂತಿದ್ದಳು. ಗದ್ದಲದಲ್ಲಿ ಅವಳಿಗೆ ಕೇಳಿಸಿದ್ದು ಮಗಳ ಹೆಸರೊಂದೇ. ಮಗಳ ಹೆಸರು ಕೂಗಿದ್ದಕ್ಕೆ ಇಡೀ ಕಾಲೇಜೇ ಕುಣಿಯುತ್ತಿದೆಯೆಂದು ತಿಳಿದು, ಎರಡೂ ಕೈ ಎತ್ತಿ, ಮುಖ ಅಗಲ ಮಾಡಿಕೊಂಡು ಚಪ್ಪಾಳೆ ತಟ್ಟುತ್ತಿದ್ದಳು. ಪಕ್ಕದವಳ ಭುಜ ಮುಟ್ಟಿ "ನಮ್ಮ ಹುಡುಗೀರಿ, ನಮ್ಮ ಹುಡುಗಿ" ಎನ್ನುತ್ತಿದ್ದಳು.

ಮುಬಾಶಿರಾ ಮೆಟ್ಟಿಲು ಹತ್ತಿ ಬಂದಳು. ಅವಳ ಮುಖದಲ್ಲಿ ಏನೂ ಇರಲಿಲ್ಲ. ಗೋವಿಂದರಾಜ ಸರ್ ಕೊಟ್ಟ ನೀಲಿ ಕರ್ಚೀಫು ಇಸಿದುಕೊಂಡಳು. ಅಮ್ಮಿಯ ಕಡೆ ಒಮ್ಮೆ ನೋಡಿ, ರೇಣುಕಾದೇವಿಯ ಹತ್ತಿರ ಬಂದು, ಮೈಕಿಗೆ ಕೇಳಿಸದ ಹಾಗೆ ಕೇಳಿದಳು.

"ನಗಲೇನ್ರಿ ಮೇಡಂ?"

ಅದು ಕುಹಕವಾಗಿದ್ದರೆ ರೇಣುಕಾದೇವಿ ತಡೆದುಕೊಳ್ಳುತ್ತಿದ್ದಳು. ಹುಡುಗಿ ನಿಜವಾಗಿಯೂ ಕೇಳುತ್ತಿದ್ದಳು, ಪರೀಕ್ಷೆಯಲ್ಲಿ ಯಾವ ಪ್ರಶ್ನೆ ಬಿಡಲಿ ಎಂದು ಕೇಳುವ ಹಾಗೆ. ಬೇಡ ಎನ್ನೋಣವೆಂದರೆ ಕೆಳಗೆ ಇನ್ನೂ ಚಪ್ಪಾಳೆ ತಟ್ಟುತ್ತಿರುವ ಆ ತಾಯಿ. ನಗು ಎನ್ನಲು ಬಾಯಿ ಬರಲಿಲ್ಲ. ಮುಬಾಶಿರಾ ತಾನೇ ಸಭೆಯ ಕಡೆ ತಿರುಗಿ, ಕರ್ಚೀಫನ್ನು ಬಹುಮಾನದ ಹಾಗೆ ಮೇಲೆತ್ತಿ ಹಿಡಿದು ನಕ್ಕಳು. ಛಲೋ ನಕ್ಕಳು. ತಲೆಯನ್ನು ತುಸು ಹಿಂದೆ ಒಗೆದು, ಹಲ್ಲು ಕಾಣುವ ಹಾಗೆ, ಎಲ್ಲರಿಗಿಂತ ಜೋರಾಗಿ. ಆ ನಗೆ ಎಲ್ಲಿಯದೆಂದು ರೇಣುಕಾದೇವಿಗೆ ಗೊತ್ತಿತ್ತು. ಬೆಳಿಗ್ಗೆ ಕನ್ನಡಿಯಲ್ಲಿ ನೋಡಿ ಬಂದಿದ್ದಳು. "ನೋಡ್ರಿ, ಎಷ್ಟ ಸ್ಪೋರ್ಟಿವ್ ಅದಾಳ!" ಎಂದು ಪ್ರಿನ್ಸಿಪಾಲರು ಅತಿಥಿಗಳಿಗೆ ಹೇಳಿದ್ದು ಕೇಳಿಸಿತು. ಹಜರತಬೀ ಬುರ್ಖಾದ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಮುಂದಿನ ಚೀಟಿ ಓದ್ರಿ ಮೇಡಂ, ಟೆಂಪೋ ಬಿಡಬ್ಯಾಡ್ರಿ" ಎಂದರು ಗೋವಿಂದರಾಜ ಸರ್.

"ನನಗ ಸಿಟ್ಟ ಬಂದೈತಿ" ಎಂದಳು ರೇಣುಕಾದೇವಿ. ಮೈಕು ಬಾಯ ಹತ್ತಿರವೇ ಇತ್ತು. ಸಭೆ ಹೋ ಎಂದು ನಕ್ಕಿತು. ಮುಂದೆ ಯಾವುದೋ ದೊಡ್ಡ ಚೇಷ್ಟೆ ಬರಲಿದೆಯೆಂದು ಹುಡುಗರು ಬೆಂಚು ಬಡಿದರು. "ಖರೇನ ಸಿಟ್ಟ ಬಂದೈತಿ ನನಗ. ನಗಬ್ಯಾಡ್ರಿ." ಇನ್ನೂ ನಕ್ಕರು. ಅವಳ ದನಿಗೆ ಸಿಟ್ಟಿನ ಅಭ್ಯಾಸವೇ ಇರಲಿಲ್ಲ. ಏನು ಹೇಳಿದರೂ ಅದು ನಗೆಯ ಮಾತಾಗಿಯೇ ಹೊರಡುತ್ತಿತ್ತು. "ನಾಚಿಕಿ ಆಗಬೇಕ್ರಿ ನಿಮಗ! ನನಗ! ಎಲ್ಲಾರಿಗೂ!" ಎಂದು ಚೀರಿದಳು. ಮೈಕು ಕಿರ್ರೆಂದಿತು. ಗೋವಿಂದರಾಜ ಸರ್ ಹೊಟ್ಟೆ ಹಿಡಿದುಕೊಂಡು, "ಸೂಪರ್ ಮೇಡಂ, ಹಿಂಗ ನಡಸ್ರಿ" ಎಂದರು. ರೇಣುಕಾದೇವಿ ಚೀಟಿಗಳ ಡಬ್ಬಿಯನ್ನು ಎತ್ತಿ ಅವರ ಕಾಲ ಬುಡಕ್ಕೆ ಒಗೆದಳು. ಡಬ್ಬಿ ಢಣ್ಣೆಂದು ಬಿದ್ದು ಉರುಳಿ ಮೆಟ್ಟಿಲಿಳಿದು ಹೋಯಿತು. ಆಗ ನಗೆ ನಿಂತಿತು. ಮೆಟ್ಟಿಲಲ್ಲಿ ನಿಂತಿದ್ದ ಮುಬಾಶಿರಾ ತಿರುಗಿ ನೋಡಿದಳು. ಅವಳ ಮುಖದ ಮೇಲಿನ ನಗೆ ನಿಧಾನವಾಗಿ ಇಳಿಯಿತು.

ಸದ್ದಡಗಿದ ಸಭಾಂಗಣದಲ್ಲಿ ಹಜರತಬೀ "ಏನಾತ್ರಿ? ಯಾಕ ಸುಮ್ಮನಾದ್ರಿ?" ಎಂದು ಪಕ್ಕದವಳನ್ನು ಕೇಳುವುದು ವೇದಿಕೆಯವರೆಗೂ ಕೇಳಿಸಿತು. ಪಕ್ಕದವಳು ಮುಖ ಆಚೆ ತಿರುಗಿಸಿದಳು. ಮುಬಾಶಿರಾ ನೇರವಾಗಿ ಹೋಗಿ ಅಮ್ಮಿಯ ಪಕ್ಕದಲ್ಲಿ ಕೂತಳು. ಕರ್ಚೀಫನ್ನು ತೊಡೆಯ ಮೇಲಿಟ್ಟು, ತಲೆ ತಗ್ಗಿಸದೆ, ತಮ್ಮ ಮನೆಮಾತಿನಲ್ಲಿ ಹೇಳತೊಡಗಿದಳು. ರೇಣುಕಾದೇವಿಗೆ ತುಟಿ ಅಲುಗುವುದಷ್ಟೇ ಕಾಣುತ್ತಿತ್ತು. ಇಷ್ಟು ಮಾಡಿದ್ದಕ್ಕೆ ಈ ಹುಡುಗಿಯ ಕಾಲೇಜು ಹೋಯಿತು, ಸಿಟ್ಟು ಮಾಡಿಯೂ ಕೆಡಿಸಿದೆ ಎಂದುಕೊಂಡಳು. ಹಜರತಬೀಯ ಕೈಗಳು ಮಡಿಲಲ್ಲಿ ಬಿದ್ದಿದ್ದವು. ಕೇಳಿಸಿಕೊಂಡು ಮುಗಿದ ಮೇಲೆ ಅವಳು ಕರ್ಚೀಫನ್ನು ತೆಗೆದುಕೊಂಡು ಎದ್ದು ವೇದಿಕೆಯ ಬುಡಕ್ಕೆ ಬಂದಳು.

"ಮೇಡಂ, ಇದು ಇನಾಮಲ್ಲಂತ" ಎಂದು ಕರ್ಚೀಫನ್ನು ವೇದಿಕೆಯ ಅಂಚಿನ ಮೇಲಿಟ್ಟಳು. "ನಾ ಚಪ್ಪಾಳಿ ತಟ್ಟಿದೆ. ನೀವು ನೋಡಿದ್ರಿ, ಸುಮ್ಮನ ನಿಂತ್ರಿ."

"ಅಮ್ಮಾರ, ಬಹುಮಾನ ಆಮ್ಯಾಲ ಐತ್ರಿ, ಅಧ್ಯಕ್ಷರ ಭಾಷಣ ಆಗ್ಲಿ, ನೀವು ಕುಂದರ್ರಿ" ಎಂದು ಗೋವಿಂದರಾಜ ಸರ್ ಮುಂದೆ ಬಂದರು.

ಹಜರತಬೀ ಅವರ ಕಡೆ ನೋಡಲೂ ಇಲ್ಲ. "ನಾಳಿ ನನ್ನ ಮಗಳು ಅದ ಬಸ್ಸಿನ್ಯಾಗ ಬರಬೇಕ್ರಿ. ಮನಿಗೆ ಹೋಗಿ ನಾ ಏನರೆ ಒಂದ ಖರೇ ಮಾತ ಹೇಳಬೇಕು. ಇನಾಮು ಈಗ ಓದ್ರಿ. ನಿಂತ ಕೇಳ್ತೀನಿ."

ರೇಣುಕಾದೇವಿ ಮೈಕು ಎತ್ತಿಕೊಂಡಳು. ಪ್ರಿನ್ಸಿಪಾಲರು ಬೇಡವೆಂದು ಕೈ ಮಾಡಿದರು. ಬರುವ ಜೂನ್‌ನಲ್ಲಿ ಫೋನು ಬರುವುದಿಲ್ಲವೆಂದು ಅವಳಿಗೆ ಆ ಕೈಯಲ್ಲೇ ತಿಳಿಯಿತು. ಈ ಸಲ ಹೆಸರನ್ನು ಮೊದಲೇ ಓದಿದಳು. "ಮುಬಾಶಿರಾ ನೂರಸಾಬ. ಕನ್ನಡ ಪ್ರಬಂಧ. ಮೊದಲನೇ ಬಹುಮಾನ." ಎಲ್ಲೂ ನಿಲ್ಲಿಸಲಿಲ್ಲ. ಹುಡುಗಿಯರ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಇನ್ನೊಂದಿಷ್ಟು ಕೈ ಸೇರಿದವು. ಹಜರತಬೀ ತಟ್ಟಲಿಲ್ಲ. ಇದಾದರೂ ಖರೆಯೋ ಅಲ್ಲವೋ ಎಂದು ತಿರುಗಿ ಮಗಳ ಮುಖ ನೋಡಿದಳು.